ನಾಲ್ಕನೇ ಜ್ವರ ಎದ್ದ ಮೇಲೆ

ನಾಲ್ಕನೇ ಜ್ವರ ಎದ್ದ ಹುಳುವಿಗೆ
ಹಗಲಿಲ್ಲ, ಇರುಳಿಲ್ಲ, ಹೊಟ್ಟೆಯೊಂದೇ.
ರಾತ್ರಿ ಎರಡಕ್ಕೂ ಸೊಪ್ಪು ಹಾಕಬೇಕು.
ನಿದ್ದೆ ಹತ್ತದಿರಲೆಂದು
ಜಬೀವುಲ್ಲಾ ಕೊಟ್ಟ ಪುಸ್ತಕ ಬಿಚ್ಚಿದೆ.

ರಟ್ಟಿಲ್ಲ. ಹೆಸರಿಲ್ಲ. ಬರೆದವರು ಯಾರೋ,
ಮೊದಲ ಎಂಟು ಪುಟ ಯಾರ ಬೀಡಿಗೆ ಬೆಂಕಿಯಾದವೋ.
ನೂರು ವರ್ಷ ಹಳೆಯದಂತೆ, ಹೊರದೇಶದ್ದಂತೆ,
ಕನ್ನಡಕ್ಕೆ ಬಂದೇ ಐವತ್ತಾಯಿತಂತೆ.
"ಅಕ್ಕಾ, ಇದನ್ನ ಓದದೆ ಸಾಯಬೇಡ" ಅಂದಿದ್ದ,
ಕುದಿನೀರಲ್ಲಿ ಗೂಡು ತಿರುವಿ ತಿರುವಿ
ಬೆಳ್ಳಗೆ ನೆನೆದ ಬೆರಳಲ್ಲಿ ಚಾಚುತ್ತಾ.
ಪುಟಪುಟಕ್ಕೂ ಆ ಬೆರಳಿನ ಸುಕ್ಕು,
ಹಾಳೆಯ ಸಂದಿಯಲ್ಲೂ ಶಿಡ್ಲಘಟ್ಟದ ಆ ವಾಸನೆ:
ಬಸ್ಸಲ್ಲಿ ಹೊಸಬರು ಮೂಗು ಮುಚ್ಚುವ,
ನಮಗೆ ಮಾತ್ರ ಅನ್ನದಂತಿರುವ ವಾಸನೆ.

ಕಥೆ ಇಷ್ಟು: ಸಮುದ್ರದ ದಂಡೆಗೆ ಒಂದು ಮನೆ,
ಆ ಮನೆಗೆ ಒಬ್ಬ ಅತಿಥಿ.
ಮರ್ಯಾದಸ್ಥ. ಮೆಲುಮಾತು. ಕೈಗವಸು ಕಳಚುವುದಿಲ್ಲ.
ಊಟಕ್ಕೆ ಕೂರುತ್ತಾನೆ, ತಟ್ಟೆ ಮುಟ್ಟುವುದಿಲ್ಲ;
ಮಿಕ್ಕವರು ಉಣ್ಣುವುದನ್ನು ನೋಡುತ್ತಾನೆ,
"ಇನ್ನೂ ಸ್ವಲ್ಪ" ಎಂದು ಬಡಿಸುತ್ತಾನೆ.

ಸಮುದ್ರ ನಾನು ಕಂಡಿಲ್ಲ.
ಬಿಡದೆ, ಒಂದೇ ಸಮ, ಅಂತ ಬರೆದಿತ್ತು ಅದರ ಸದ್ದು.
ಕೇಳಿಸಿತು.
ತಲೆಯೆತ್ತಿದೆ. ಪುಸ್ತಕದ್ದಲ್ಲ.
ಬಲ್ಬಿನಾಚೆ ಕತ್ತಲಲ್ಲಿ
ನಲವತ್ತು ಸಾವಿರ ಬಾಯಿ ಎಲೆ ಕತ್ತರಿಸುತ್ತಿದ್ದವು.
ಹದಿನೇಳು ವರ್ಷ ಅದನ್ನು ಮಳೆಯೆಂದುಕೊಂಡೇ ಮಲಗಿದ್ದೇನೆ.

ಅಂಚಿನಲ್ಲಿ ಜಬೀವುಲ್ಲಾನ ಪೆನ್ಸಿಲ್ಲು.
ಅರವತ್ತನೇ ಪುಟ: ಇಲ್ಲಿ ನಿಲ್ಲಿಸಿ ನೀರು ಕುಡಿ.
ತೊಂಬತ್ತೆರಡು: ಈ ನಾಯಿಗೆ ಗೊತ್ತಿತ್ತು.
ನೂರಾ ಮೂವತ್ತು: ಹಿಂದೆ ನೋಡಬೇಡ.

ನೋಡದೆ ಇರುವುದು ಹೇಗೆ?
ಚಂದ್ರಿಕೆಗಳು ಗೋಡೆಗೊರಗಿದ್ದವು,
ಖಾಲಿ, ಎತ್ತರ, ಸುರುಳಿ ಸುರುಳಿ,
ಯಾರೋ ಬರುವರೆಂದು ಹಾಸಿಗೆ ಹಾಸಿಟ್ಟ ಹಾಗೆ.
ಬಾಗಿಲ ಪರದೆಯ ಮೇಲೆ ಒಂದು ಊಜಿ ನೊಣ,
ಹಗಲೇ ಬಂದದ್ದು, ಇನ್ನೂ ಕಾಯುತ್ತಿದೆ.
ಒಳಗೆ ಬಿಟ್ಟರೆ ಅದು ಹೆಚ್ಚೇನೂ ಮಾಡುವುದಿಲ್ಲ.
ಹುಳುವಿನ ಮೈಮೇಲೆ ಒಂದು ಮೊಟ್ಟೆ.
ಆಮೇಲೆ ಒಂದು ಕಪ್ಪು ಚುಕ್ಕೆ. ಮಿಕ್ಕಿದ್ದು ಒಳಗೊಳಗೇ.
ಇದನ್ನು ಬರೆದವನಿಗೆ ಊಜಿ ಗೊತ್ತಿದ್ದಿದ್ದರೆ
ಇಷ್ಟೊಂದು ಪುಟ ಬೇಕಾಗುತ್ತಿರಲಿಲ್ಲ.

ನಮ್ಮತ್ತೆ ಪಾಪಕ್ಕನ ದೆವ್ವಗಳು ಬೇರೆ.
ಹುಣಿಸೆಮರದವು, ಮುಖಪರಿಚಯದವು,
ಇಂಥವರ ಮಗಳು, ಇಂಥ ಬಾವಿ ಎಂದು ವಿಳಾಸವಿದ್ದವು.
ಕದದ ಮೇಲೆ ಸುಣ್ಣದಲ್ಲಿ "ನಾಳೆ ಬಾ" ಎಂದಿದ್ದರೆ
ನಿಂತು, ಅಕ್ಷರ ಕೂಡಿಸಿ ಓದಿ,
ಬಂದ ದಾರಿಯಲ್ಲೇ ವಾಪಸ್ಸು.
ಪಾಪಕ್ಕನಿಗೆ ಓದು ಬಾರದು,
ದೆವ್ವಕ್ಕೆ ಬರುತ್ತಿತ್ತು.

ಎರಡು ಗಂಟೆ. ಎದ್ದೆ.
ಸೊಪ್ಪಿನ ಮೇಲಿನ ಒದ್ದೆ ಗೋಣಿ ಸರಿಸಿದೆ.
ತಟ್ಟೆಯಿಂದ ತಟ್ಟೆಗೆ ಹರಡುತ್ತಾ ಹೋದೆ
ಬಾಗಿ, ಮೆಲ್ಲಗೆ, ಹುಳು ನಲುಗದಂತೆ.
"ಇನ್ನೂ ಸ್ವಲ್ಪ."
ಅಂದದ್ದು ಯಾರು?
ಬಾಯಿ ನನ್ನದೇ.
ಕೈಯಲ್ಲಿ ಗವಸಿತ್ತು,
ಸಂಜೆ ಸುಣ್ಣದ ಪುಡಿ ಉದುರಿಸುವಾಗ ಹಾಕಿದ್ದು,
ಕಳಚಲು ಮರೆತಿದ್ದೆ.

ಇನ್ನು ಐದು ದಿನ. ಹಣ್ಣಾಗುತ್ತವೆ,
ತಲೆಯೆತ್ತಿ ಗಾಳಿಯಲ್ಲಿ ಏನೋ ಹುಡುಕುತ್ತವೆ,
ತಮ್ಮ ಸುತ್ತ ತಾವೇ ಬಾಗಿಲಿಲ್ಲದ ಕೋಣೆ ಕಟ್ಟುತ್ತವೆ.
ನಾನೇ ಬಿಡಿಸುತ್ತೇನೆ, ನಾನೇ ಮಾರ್ಕೆಟ್ಟಲ್ಲಿ ತೂಗಿಸುತ್ತೇನೆ.
ಅಲ್ಲಿಂದ ಮುಂದೆ ಜಬೀವುಲ್ಲಾನ ಬಾಣಲೆ.
ಆ ಅಧ್ಯಾಯ ನಾನು ಯಾವತ್ತೂ ಓದಿಲ್ಲ.

ಮೂವತ್ತೆರಡು ಪುಟ ಉಳಿದಿದ್ದವು.
ಅತಿಥಿ ಕೈಗವಸು ಕಳಚಲು ಹೊರಟಿದ್ದ,
ಮೊದಲು ಕಿರುಬೆರಳು, ಆಮೇಲೆ ಉಂಗುರದ ಬೆರಳು.
ಅಂಚಿನಲ್ಲಿ ಜಬೀವುಲ್ಲಾ ಏನೂ ಬರೆದಿರಲಿಲ್ಲ.
ಸೊಪ್ಪಿನ ಲೆಕ್ಕ ಬರೆಯುವ ಪೆನ್ಸಿಲ್ ತಂದು
ದಪ್ಪಕ್ಕೆ ಬರೆದೆ: ನಾಳೆ ಬಾ.
ಮುಚ್ಚಿ, ಮೇಲೆ ಕುಡುಗೋಲು ಇಟ್ಟೆ.

ಮಲಗಿದ ಮೇಲೆ ಹೊಳೆಯಿತು,
ನಾಳೆಯೂ ಎರಡು ಗಂಟೆಯ ಸೊಪ್ಪು
ನನ್ನದೇ.