ಮೂರನೆಯ ಭೇಟಿ

ಮೊದಲ ಸಲ ಹೋದಾಗ ದುಡ್ಡಿನ ಮಾತೆತ್ತಬಾರದು,
ಅದು ನಮ್ಮ ಕಸುಬಿನ ಓನಾಮ.
ಡುಲೂತ್ ಊರಿನ ಗುಡ್ಡದ ಮೇಲೆ ಐನೋ ಲಾಹ್ತಿನೆನ್ ಮನೆಯಲ್ಲಿ
ಕಾಫಿ ಕುಡಿದೆ, ಟಗ್‌ಬೋಟಿನ ಎಂಜಿನ್ ಬಗ್ಗೆ ಕೇಳಿದೆ,
ಕಾರಿನಲ್ಲಿ ಕೂತು ಕಡತ ತುಂಬಿದೆ:
ಎಡಮಂಡಿ ನೋವು. ನಾಯಿ, ಪಿಪ್ಪುರಿ.
ಹೆಂಡತಿ ಹಿಲ್ಮಾ, ತೀರಿಕೊಂಡಿದ್ದಾಳೆ.

ಎರಡನೆಯ ಸಲ ನಾಯಿಯನ್ನು ಹೆಸರು ಹಿಡಿದು ಕರೆದೆ.
ಮುದುಕ ನಕ್ಕ: ‘ಓದಿಕೊಂಡು ಬಂದಿದ್ದೀಯ.’
ನನ್ನ ಕಿವಿ ಬಿಸಿಯಾಯಿತು.

ಹತ್ತೊಂಬತ್ತು ನವೆಂಬರ್, ನಲವತ್ತು ನಲವತ್ತು ಡಾಲರಿನ ಚೆಕ್ಕು,
ಯಾಕೆಂದು ನಮ್ಮ ಮ್ಯೂಸಿಯಂನಲ್ಲಿ ಯಾರೂ ಕೇಳಿರಲಿಲ್ಲ.
ಕೇಳಿದೆ.
‘ಲಿಫ್ಟಿನ ಪಕ್ಕ ಒಂದು ಚಿತ್ರ ಇದೆಯಲ್ಲ,
ತಟ್ಟೆಯಲ್ಲಿ ಮೂರು ಹೆರಿಂಗ್ ಮೀನು?
ಹಳಸಿದೆ ಅಂತ ಅವಳು, ತಾಜಾ ಅಂತ ನಾನು.
ಭಾನುವಾರ ಭಾನುವಾರ ಜಗಳಕ್ಕೇ ಬರುತ್ತಿದ್ದೆವು.’

ಆ ಚಿತ್ರ ಮಾರ್ಚ್‌ನಲ್ಲೇ ಉಗ್ರಾಣ ಸೇರಿತ್ತು.
ಹೇಳಲು ಬಾಯಿ ಬರಲಿಲ್ಲ.

ಮೂರನೆಯ ಸಲ ನಾನು ಹೋಗಲಿಲ್ಲ, ಅವನನ್ನೇ ಕರೆಸಿದೆ.
ಬೀಗದ ಕೈ ಬೇಡಿ ತಂದು
ನೆಲಮಾಳಿಗೆಯ ಕಬ್ಬಿಣದ ಚೌಕಟ್ಟು ಎಳೆದೆ.
ಉಯಿಲಿನ ನಮೂನೆ ಚೀಲದಲ್ಲೇ ಇತ್ತು.
ಐನೋ ಮಂಡಿ ಹಿಡಿದುಕೊಂಡು ಬಗ್ಗಿದ,
ಕನ್ನಡಕ ತೆಗೆದ, ಮತ್ತೆ ಹಾಕಿದ,
ಬಹಳ ಹೊತ್ತು ನೋಡಿದ.

‘ಹೌದು ಕಣೇ,’ ಅಂದ, ನನಗಲ್ಲ,
‘ಹಳಸಿದೆ.’