ನೀರೆಂದರೆ ನೀರು

ಟೆಚಿಮಾನ್ ಆಸ್ಪತ್ರೆಯ ಹಿತ್ತಲಲ್ಲಿ ನಮ್ಮದೊಂದು ಕುರಿ ಇದೆ.
ಸೋಮವಾರ ಸೋಮವಾರ ಅದರ ಕುತ್ತಿಗೆಯಿಂದ
ಒಂದು ಬಾಟಲಿ ರಕ್ತ ಇಸಕೊಳ್ಳುತ್ತೇವೆ.
ಕೊಡುತ್ತದೆ, ಮುಖ ಅತ್ತ ತಿರುಗಿಸಿ,
ಕೈಸಾಲ ಕೊಡುವ ಸೋದರತ್ತೆಯ ಹಾಗೆ.
ಆ ರಕ್ತ ಬೆರೆಸಿದ ಅಗರ್ ತಟ್ಟೆಗಳಲ್ಲಿ
ಊರ ಬಸುರಿಯರು ಅರಿಯದೆ ಹೊತ್ತು ತಂದದ್ದನ್ನು
ಬಿತ್ತುತ್ತೇನೆ. ಬಿತ್ತಿ ಕಾಯುತ್ತೇನೆ.

ಮಂಗಳವಾರ ಬಂದ ಕಡ್ಡಿ ಪೊಕುವಾಳದು.
ಶಿಯಾ ಬೆಣ್ಣೆ ಮಾರುವವಳು, ಮೂವತ್ತಾರು ವಾರ.
ಚೀಟಿಯ ಮೇಲೆ ನರ್ಸ್ ಲಾರಿಬಾಳ ಕೆಂಪು ಶಾಯಿ:
ಪೆನಿಸಿಲಿನ್ ಬೇಡ. ಹುಡುಗಿಯಾಗಿದ್ದಾಗ ಮುಖ ಊದಿ
ಸಾವಿನ ಹೊಸಿಲು ಮುಟ್ಟಿ ಬಂದಿದ್ದಾಳೆ.

ಸ್ಟ್ರೆಪ್ಟೊಕಾಕಸ್ ಬೆಳೆಯಿತು, ಮಣಿಸರದ ಜೀವಿ.
ತಾಯಿಗೆ ಅದರಿಂದ ತೊಂದರೆಯಿಲ್ಲ,
ಬಾಗಿಲ ಸಂದಿಯಲ್ಲಿ ತೆಪ್ಪಗಿರುವ ಬಾಡಿಗೆದಾರ.
ಹೊರಬರುವ ಕೂಸಿನ ಉಸಿರಿಗೆ ತಗುಲಿಕೊಂಡರೆ
ಒಂದು ಹಗಲು ಸಾಕು.

ಗುರುವಾರ. ಪೆನಿಸಿಲಿನ್ ಬಿಲ್ಲೆಯ ಸುತ್ತ
ಅಗಲವಾದ ಬಯಲು, ಒಂದು ಹುಳುವಿಲ್ಲ.
ಕೈಗೆಟುಕಿಯೂ ಬಾಯಿಗೆ ಸಲ್ಲದ ಹಣ್ಣು.
ಕ್ಲಿಂಡಮೈಸಿನ್ ಸುತ್ತಲೂ ದುಂಡು ಚಂದ್ರ.
ಸದ್ಯ, ಎಂದುಕೊಂಡೆ.
ಕಲಿಸಿದ ಆಜೆಕುಮ್ ಮೇಷ್ಟ್ರು ತಲೆಯೊಳಗೆ ಕೆಮ್ಮಿದರು:
ಒಬ್ಬನೇ ಸಿಕ್ಕಾಗ ಕೇಳಿದರೆ ಕಳ್ಳನೂ ಸಾಚಾ,
ಪಕ್ಕದಲ್ಲಿ ಇನ್ನೊಬ್ಬನನ್ನು ಕೂರಿಸಿ ಕೇಳಮ್ಮ.
ಹೊಸ ತಟ್ಟೆ. ಹನ್ನೆರಡು ಮಿಲಿಮೀಟರ್ ಅಳೆದು
ಪಕ್ಕದಲ್ಲಿ ಎರಿತ್ರೊಮೈಸಿನ್ ಇಟ್ಟೆ.
ಇನ್ನೊಂದು ರಾತ್ರಿ ಕಾಯಬೇಕು.

ಆ ರಾತ್ರಿ ಕಣ್ಣು ಮುಚ್ಚಿದರೆ ಅಮ್ಮನ ಬೋಗುಣಿ.
ಗೆಣಸಿನ ರಾಶಿಗಳ ನಡುವೆ ಅವಳು ಕೂರುತ್ತಿದ್ದಳು,
ಬೋಗುಣಿ ತುಂಬ ಕೆಂಪು-ಹಳದಿ ಕ್ಯಾಪ್ಸೂಲು.
ಕೆಮ್ಮೆಂದವರಿಗೆ ಎರಡು, ಹೊಟ್ಟೆನೋವಿಗೆ ಎರಡು,
ಲಾರಿ ಹತ್ತುವ ಹಮಾಲರಿಗೆ ಸುಮ್ಮನೆ ಎರಡು.
ಹತ್ತು ಕೊಳ್ಳುವ ದುಡ್ಡು ಯಾರ ಬಳಿಯೂ ಇರಲಿಲ್ಲ,
ಹತ್ತು ಬೇಕೆಂದು ಅವಳಿಗೂ ಗೊತ್ತಿರಲಿಲ್ಲ.
ನನ್ನ ಶಾಲೆಯ ಫೀಸು, ಬಿಳಿ ಕಾಲುಚೀಲ,
ಈ ಬಿಳಿ ಕೋಟು ಕೂಡ
ಆ ಎರಡು ಎರಡರಿಂದ ಬಂದವು.

ಶುಕ್ರವಾರ ನಸುಕಿಗೆ ಲಾರಿಬಾಳ ಫೋನು:
ನೀರು ಒಡೆದಿದೆ, ತಿಂಗಳು ಮೊದಲೇ. ಏನು ಕೊಡಲಿ, ಹೇಳು.
ಚಪ್ಪಲಿ ಮೆಟ್ಟದೆ ಓಡಿದೆ.
ಇನ್‌ಕ್ಯುಬೇಟರ್‌ನಿಂದ ತಟ್ಟೆ ತೆಗೆದು
ಕಿಟಕಿಯ ಬೂದು ಬೆಳಕಿಗೆ ಹಿಡಿದೆ.
ದುಂಡಗಿತ್ತು. ಅಲ್ಲ. ಇತ್ತ ಕಡೆ,
ಎರಿತ್ರೊಮೈಸಿನ್ ಕೂತ ಕಡೆ,
ಚಂದ್ರನ ಕೆನ್ನೆ ಚಪ್ಪಟೆ,
ಯಾರೋ ಗೋಡೆಗೆ ಒತ್ತಿ ಹಿಡಿದ ಹಾಗೆ.
ನೆರೆಯವನ ಗುಟ್ಟು ಕೇಳಿ ಕಲಿತುಬಿಟ್ಟಿತ್ತು.
ಇಪ್ಪತ್ತು ಗಂಟೆಯಾಗಿರಲಿಲ್ಲ ಇನ್ನೂ.
ಕಣ್ಣು ತಪ್ಪಿರಬಹುದು.
ಬೇಡ ಅಂದೆ. ಕ್ಲಿಂಡಾ ಬೇಡ. ವ್ಯಾಂಕೊಮೈಸಿನ್.
ಫೋನಿನ ಆ ತುದಿ ಸುಮ್ಮನಾಯಿತು.
ಅದು ನಮ್ಮ ಕಪಾಟಿನಲ್ಲಿ ಇರುವ ಹೆಸರಲ್ಲ.

ಅವಳ ಗಂಡ ಮೋಟರ್‌ಬೈಕಿನಲ್ಲಿ
ಮೂರು ಔಷಧದಂಗಡಿಯ ಶಟರ್ ಬಡಿದ.
ಮೂರನೆಯವನು ಲುಂಗಿಯಲ್ಲೇ ಬಂದು ತೆರೆದ.
ಬೆಣ್ಣೆಯ ತಿಂಗಳ ಲಾಭ ಒಂದು ಸೀಸೆಗೆ.
ಹನಿ ಹನಿ ಇಳಿಯಬೇಕಾದ್ದು ಅದು, ಅವಸರ ಒಲ್ಲದು.
ಇಳಿಯಲು ಸಿಕ್ಕಿದ್ದು ಒಂದೇ ಗಂಟೆ.

ಹೆಣ್ಣು. ಶುಕ್ರವಾರ ಹುಟ್ಟಿದ್ದಕ್ಕೆ ಅಫಿಯಾ.
ಉಳಿದ ಹೆಸರು ಎಂಟನೆಯ ದಿನಕ್ಕೆ,
ಅಲ್ಲಿಯವರೆಗೆ ಕೂಸು ನಮ್ಮಲ್ಲಿ ಅತಿಥಿ,
ನಿಲ್ಲುವೆನೆಂದು ಇನ್ನೂ ಮಾತು ಕೊಟ್ಟಿಲ್ಲ.

ಎಂಟನೆಯ ನಸುಕು ನನ್ನನ್ನೂ ಕರೆದಿದ್ದರು.
ಹಿರಿಯಜ್ಜ ಬೆರಳದ್ದಿ ನಾಲಿಗೆಗೆ ಮುಟ್ಟಿಸಿದ:
ನೀರೆಂದರೆ ನೀರೇ ಆಗಿರಲಿ.
ಮತ್ತೆ ಅದ್ದಿದ: ಹೆಂಡವೆಂದರೆ ಹೆಂಡವೇ.
ಎಲ್ಲರೂ ಹೌದು ಹೌದು ಎಂದರು.
ನಾನು ಅಜ್ಜನ ಉಗುರನ್ನೇ ನೋಡುತ್ತಿದ್ದೆ,
ಕೈ ತೊಳೆದಿದ್ದಾನೋ ಇಲ್ಲವೋ.
ಹೆಂಡಕ್ಕೆ ಅವಳು ಮುಖ ಕಿವುಚಿದಳು. ಅಮ್ಮ ನಕ್ಕಳು.
ಹೌದು, ನನ್ನಮ್ಮನೂ ಬಂದಿದ್ದಳು,
ಅದೇ ಬೋಗುಣಿ ತುಂಬ ಟೊಮೆಟೊ ಹೊತ್ತು.
ತಳದ ಎನಾಮಲ್ ಎದ್ದಿದೆ. ಏನೂ ಕೇಳಲಿಲ್ಲ ಅವಳು,
ನಾನೂ ಹೇಳಲಿಲ್ಲ.

ಮೂರು ತಿಂಗಳು ಜೋಪಾನ ಎಂದಿದ್ದಾರೆ ಡಾಕ್ಟರು.
ಎಂಟು ಕಳೆದರೆ ಎಂಬತ್ತೆರಡು.
ಫ್ರಿಜ್ಜಿನಲ್ಲಿ ಹನ್ನೊಂದು ಕಡ್ಡಿಗಳು ಕಾಯುತ್ತಿವೆ,
ಮತ್ತೆ ನಾಳಿದ್ದು ಸೋಮವಾರ,
ಕುರಿಗೆ ಹುಲ್ಲು ತರಬೇಕು.