ಹೆಸರು ತಿದ್ದುಪಡಿ ಕೋರಿ

ಮಾನ್ಯ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ,
ವಿಷಯ ಒಂದೇ ಸಾಲಿನದು, ಪೀಠಿಕೆ ಮಾತ್ರ ಉದ್ದ,
ದಯಮಾಡಿ ಚಹಾ ಬಂದ ಮೇಲೆ ಓದಿ.

ಸವಳಂಗ ರಸ್ತೆಯ ನಮ್ಮ ಪ್ರೌಢಶಾಲೆಗೆ
ಆಷಾಢದಲ್ಲಿ ತಾವೇ ಕಳಿಸಿದ ಸುತ್ತೋಲೆ:
ಫ್ರಾನ್ಸಿನ ನಾಂತ್ ಎಂಬ ಊರಿನ ಶಾಲೆಯೊಂದಿಗೆ
ಸಹಭಾಗಿತ್ವ. ಉದ್ದೇಶ ನಾಲ್ಕು:
ಪೌರತ್ವ, ಒಳಗೊಳ್ಳುವಿಕೆ, ಸೃಜನಶೀಲತೆ, ಡಿಜಿಟಲ್ ಕೌಶಲ.
ನಾಲ್ಕಕ್ಕೂ ಒಂದೊಂದು ಕಾಲಂ, ಕೊನೆಯಲ್ಲಿ ಮೂರು ಫೋಟೋ.

ಕೌಶಲದ ಕಾಲಂ ಬೇಗ ತುಂಬಿತು:
ಮೂರು ಕಂಪ್ಯೂಟರ್, ಒಂದರ ಕ್ಯಾಮೆರಾ ಸರಿಯಿದೆ,
ಮಳೆ ಬಂದರೆ ನೆಟ್ ಹೋಗುತ್ತದೆ, ನೆಟ್ ಬಂದರೆ ಕರೆಂಟು.
ಸೃಜನಶೀಲತೆಗೆ ಹಸೆ ಚಿತ್ತಾರ, ಡ್ರಾಯಿಂಗ್ ಶೀಟಿನ ಮೇಲೆ.
ಪೌರತ್ವಕ್ಕೆ ಎಂದಿನಂತೆ ಗಿಡ ನೆಟ್ಟೆವು,
ಹೋದ ವರ್ಷದ ಗುಂಡಿಯಲ್ಲೇ.
ಒಳಗೊಳ್ಳುವಿಕೆ ಎಂಬಲ್ಲಿ ಪೆನ್ನು ನಿಂತಿತು.
ಯಾರೋ ಹೇಳಿದರು: ಹಕ್ಕಿಪಿಕ್ಕಿ ಕ್ಯಾಂಪಿನ ಆ ಹುಡುಗಿಯನ್ನು
ಮುಂದೆ ಕೂರಿಸಿ, ಫೋಟೋಗೆ ಚೆನ್ನಾಗಿರುತ್ತೆ.

ರಿಜಿಸ್ಟರಿನಲ್ಲಿ ಮೌಸಮಿ. ಒಂಬತ್ತನೇ ಬಿ.
ಹಾಜರಾತಿ ನೂರಕ್ಕೆ ನಲವತ್ತು.
ಅಪ್ಪ ಅಮ್ಮ ಕೂದಲೆಣ್ಣೆ ಮಾರಲು ಹೋದಾಗ ಶಾಲೆಯಿಲ್ಲ,
ಬಂದಾಗ ಉಂಟು.
ಎಲ್ಲಿಗೆ ಹೋಗುತ್ತಾರೆ ಎಂದು ನಾವು ಕೇಳಿರಲಿಲ್ಲ,
ದಾವಣಗೆರೆ ಇರಬೇಕು ಅಂದುಕೊಂಡಿದ್ದೆವು.

ಆ ಗುರುವಾರ, ಮಧ್ಯಾಹ್ನ ಮೂರೂವರೆ.
ಪರದೆಯ ಮೇಲೆ ಇಪ್ಪತ್ತು ಮುಖ, ಹಿಂದೊಂದು ಬಿಳಿ ಗೋಡೆ.
ನಮ್ಮವರು ವಾರವಿಡೀ ಉರುಹೊಡೆದ
'ವಿ ಆರ್ ಫ್ರಮ್ ಶಿವಮೊಗ್ಗ' ಒಪ್ಪಿಸಿದರು.
ಅತ್ತಲಿಂದ ಅವರ ಬಾಯಿಪಾಠ ಬಂತು.
ಆಮೇಲೆ ಎರಡೂ ಕಡೆ ಇಂಗ್ಲಿಷು ಮುಗಿಯಿತು.
ಬೇಸಿಗೆಯ ತುಂಗೆಯ ಹಾಗೆ
ಮಾತು ಬಂಡೆಗಳ ನಡುವೆ ನಿಂತಿತು.
ರುಕ್ಸಾರ್ ಮೇಜಿನ ಅಂಚು ಕೆರೆದಳು, ಧನುಷ್ ಕೆಮ್ಮಿದ.

ಆಗ, ಫೋಟೋಗೆಂದು ಮುಂದೆ ಕೂತವಳು
ಕ್ಯಾಮೆರಾದತ್ತ ಬಾಗಿ
'ಸಾ ವಾ?' ಎಂದಳು,
ಸಂತೆಯಲ್ಲಿ 'ಏನಕ್ಕಾ, ಹೆಂಗಿದೀ' ಎನ್ನುವ ಹಾಗೆ.

ಅತ್ತಲಿಂದ ಮೊದಲ ಮಳೆಯ ಕಪ್ಪೆಗಳಂತೆ ಉತ್ತರ.

ಗಬಾನ್ ಅಂತೆ, ಲೀಬ್ರವಿಲ್ ಅಂತೆ,
ಅಲ್ಲಿಯ ಪೇಟೆಯಲ್ಲಿ ಎರಡು ವರ್ಷ ಬಾಟಲಿ ಜೋಡಿಸಿದವಳು.
ಗಿರಾಕಿಯ ತಲೆ ನೋಡಿ ಬೆಲೆ ಹೇಳಲು ಕಲಿತದ್ದು ಆ ಭಾಷೆಯಲ್ಲಿ.
ನಾನು ಮೇಜಿನ ಕೆಳಗೆ ಅಟ್ಲಾಸ್ ಬಿಚ್ಚಿದೆ.
ಸಮಾಜ ವಿಜ್ಞಾನ ನನ್ನ ವಿಷಯ.
ಹುಡುಕಲು ಹೊತ್ತು ಹಿಡಿಯಿತು.

ಮಲಗುವ ಜಾಗಕ್ಕೆ ಹಕ್ಕುಪತ್ರವಿಲ್ಲದವಳ ಬಳಿ
ಪಾಸ್‌ಪೋರ್ಟ್ ಇದೆ, ಮಾನ್ಯರೇ.
ನನ್ನ ಬಳಿ ಇಲ್ಲ.
ಪೌರತ್ವದ ಕಾಲಂನಲ್ಲಿ ಇದನ್ನು ಹೇಗೆ ಬರೆಯಲಿ?

ಅತ್ತಲಿನ ಹುಡುಗಿಯೊಬ್ಬಳು ಹೆಸರು ಕೇಳಿದಳು.
ಇವಳು ತಿರುಗಿ ನನ್ನ ಮುಖ ನೋಡಿದಳು.
ಮತ್ತೆ ಆಚೆ ತಿರುಗಿ 'ಮೋಸಂಬಿ' ಎಂದಳು.
ಇಲ್ಲದ ಹಣ್ಣನ್ನು ಅಂಗೈಯಲ್ಲಿ ಹಿಡಿದು
ಸುಲಿದಳು, ಹಿಂಡಿದಳು, ಗಟಗಟ ಕುಡಿದಳು.
ಆ ಹುಡುಗಿ ನಕ್ಕಳು. ನಕ್ಕದ್ದು ಬೇರೆ ಕಾರಣಕ್ಕೆ:
'ನಾನು ಕ್ಲೆಮಂತೀನ್' ಎಂದು ತಾನೂ ಗಾಳಿಯಲ್ಲಿ ಸುಲಿದಳು.
ಅದೂ ಒಂದು ಸಣ್ಣ ಕಿತ್ತಳೆಯಂತೆ.
ಅಲ್ಲಿ ಅವಳ ಹೆಸರನ್ನು ಯಾರೂ ತಿದ್ದಿರಲಿಲ್ಲ.

ಅಷ್ಟರಲ್ಲಿ ಮಳೆ ಬಂತು, ನೆಟ್ ಹೋಯಿತು.

ಎಂಟನೇ ತರಗತಿಗೆ ಸೇರಿಸುವಾಗ
ಅವರಪ್ಪ ಸರಿಯಾಗಿಯೇ ಹೇಳಿದ್ದರು:
ಮೋಸಂಬಿ, ಹೆರಿಗೆಯಾದ ದಿನ ಅವಳ ತಾಯಿ ತಿಂದ ಹಣ್ಣು.
ಮಕ್ಕಳು ನಗುತ್ತಾರೆಂದು
ಅಕ್ಷರ ಅತ್ತಿತ್ತ ಮಾಡಿ ಮೌಸಮಿ ಎಂದು ಬರೆದವಳು ನಾನು.
ಒಳ್ಳೆಯ ಮನಸ್ಸಿನಿಂದಲೇ.
ಅದೇ ಈಗ ಕಚ್ಚುತ್ತಿರುವುದು.

ಪೋರ್ಟಲ್‌ನಲ್ಲಿ ತಿದ್ದಲು ಹೋದರೆ
'ಕಾರಣ ಆಯ್ಕೆಮಾಡಿ' ಎನ್ನುತ್ತದೆ.
ಕಾಗುಣಿತ ದೋಷ. ಪೋಷಕರ ಕೋರಿಕೆ. ಇತರೆ.
ನಾನು ಇತರೆ ಒತ್ತಿದೆ.
'ಐವತ್ತು ಅಕ್ಷರಗಳೊಳಗೆ ವಿವರಿಸಿ' ಎಂದಿತು.
ಆದ್ದರಿಂದ ಈ ಪತ್ರ.

ಲಗತ್ತು: ಫೋಟೋ ಮೂರು.
ಮೂರರಲ್ಲೂ ಅವಳು ಅಲುಗಿದ್ದಾಳೆ, ಮುಖ ಮಸುಕು.
ಕೈ ಮಾತ್ರ ಸ್ಪಷ್ಟ.
ಏನೋ ದುಂಡನೆಯದನ್ನು ಹಿಡಿದ ಹಾಗಿದೆ.

ತಮ್ಮ ವಿಶ್ವಾಸಿ,
ಪ್ರಫುಲ್ಲ ಕೆ. ಎಚ್.,
ಸಹ ಶಿಕ್ಷಕಿ